ಯಾರೂ ಒತ್ತದ ‘ಬರುತ್ತೇನೆ’ ಬಟನ್

ಡಿಸೆಂಬರ್ 28, ಶನಿವಾರ

ಮತ್ತೆ ಅಡುಗೆಮನೆ ಮೇಜು, ಮತ್ತೆ ಲ್ಯಾಪ್‌ಟಾಪ್. ಲಾಮರ್ಟ್ ತಟ್ಟೆ ಹಿಡಿದು ನಿಂತಿದ್ದ. “ಊಟಕ್ಕೆ ಜಾಗ ಬಿಡ್ತೀಯೋ, ನಿಂತೇ ತಿನ್ಲೋ?” ನಿಂತೇ ತಿನ್ನು ಎಂದೆ. ಮೂವತ್ತು ವರ್ಷದಿಂದ ನನ್ನ ಗಂಡ. ನಿಂತೇ ತಿಂದ.

ಐಸ್ ಕ್ಲಬ್ಬಿನ ಆ್ಯಪ್ ಮುಗಿಯಿತು! ಒಂದು ಸಾಲು ಕೋಡ್ ಬರೆದಿಲ್ಲ, ಬರೆಯಲು ಬರುವುದೂ ಇಲ್ಲ. ಚೌಕಗಳನ್ನು ಎಳೆದು ತಂದು ಇಡುವುದು, ಗೆರೆಯಿಂದ ಜೋಡಿಸುವುದು, ಅಷ್ಟೇ. ಬೆರೆಂಡ್ ತಮ್ಮ ಫೋನಿನಲ್ಲಿ ಮಂಜುಗಡ್ಡೆಯ ದಪ್ಪ ಒತ್ತಿದರೆ ಸಾಕು, ಉಳಿದದ್ದು ತಾನಾಗಿ ನಡೆಯುತ್ತದೆ. ಮೂರು ಮೇಲ್ ಗುಂಪು: ನೀರು ಬಿಡುವ ಪೈಪಿನವರು, ಮಂಜುಗಡ್ಡೆ ಗುಡಿಸುವ ಪೊರಕೆಯವರು, ಅಡುಗೆಯವರು. ‘ಬರುತ್ತೇನೆ’ ಎಂದು ಒತ್ತಿದವರ ಹೆಸರು ಆ ಪಾಳಿಯ ಗುಂಪಿಗೆ ಸೇರುತ್ತದೆ, ಗುಂಪಿಗೆ ಮೇಲ್ ಹೋಗುತ್ತದೆ.

ಬೆರೆಂಡ್ ನಮ್ಮ ಐಸ್ ಕ್ಲಬ್ಬಿನ ಯಜಮಾನರು. ಸ್ಕೇಟಿಂಗ್ ಅಂಗಳಕ್ಕೆ ನೀರು ಬಿಟ್ಟು ಪದರದ ಮೇಲೆ ಪದರ ಗಟ್ಟಿ ಮಾಡಿಸುವುದರಲ್ಲೇ ತಲೆ ಬೆಳ್ಳಗಾದವರು. ತೋರಿಸಿದೆ. “ಫೋನೇ ಸಾಕಿತ್ತು ಕಣಮ್ಮ” ಎಂದರು.

ಸಾಕಿತ್ತಂತೆ! ಹೋದ ಚಳಿಗಾಲ ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಫೋನ್ ಮಾಡುತ್ತ ಬಂದ ಸರಪಳಿ ಪೈಪಿನ ವುಬ್ಬೊ ಹತ್ತಿರ ನಿಂತುಹೋಯಿತು. ಅವನು ಮಗಳ ಹುಟ್ಟುಹಬ್ಬದಲ್ಲಿ ಫೋನ್ ಆರಿಸಿಟ್ಟು ಕೇಕ್ ತಿನ್ನುತ್ತಿದ್ದ. ಮುಂದಿನವರಿಗೆ ಸುದ್ದಿಯೇ ಇಲ್ಲ. ಮಂಜುಗಡ್ಡೆ ಮೊದಲು ಮೂರು ಸೆಂಟಿಮೀಟರ್ ಆದ ಊರಿಗೇ ಓಟ; ಮೊದಲು ಮುಟ್ಟಿದ್ದು ಸಾಂಡ್‌ಲಾರೆನ್. ಆ ವರ್ಷದ ಮೊದಲ ಬಯಲು ಐಸ್ ಸ್ಕೇಟಿಂಗ್ ಮ್ಯಾರಥಾನ್ ಅವರದಾಯಿತು. ನಾವು ಟಿಕೆಟ್ ಕೊಂಡು, ಅವರ ಊರಿಗೆ ಹೋಗಿ ಚಪ್ಪಾಳೆ ತಟ್ಟಿ ಬಂದೆವು. ಹೊಟ್ಟೆ ಇನ್ನೂ ಉರಿಯುತ್ತದೆ.

ಜನವರಿ 3, ಶುಕ್ರವಾರ

ಟೆಸ್ಟ್ ಮೇಲ್ ಕಳಿಸಿದೆ. ಇಡೀ ಕ್ಲಬ್ ತೆರೆದು ಓದಿದೆ. ‘ಬರುತ್ತೇನೆ’ ಒತ್ತಿದವರು — ಒಬ್ಬ. ಲಾಮರ್ಟ್. ಅದೂ ನಾನು ಬೆನ್ನ ಹಿಂದೆ ನಿಂತಿದ್ದಕ್ಕೆ.

ಅವನನ್ನು ಬಿಟ್ಟರೆ ಗುಂಪುಗಳೆಲ್ಲ ಖಾಲಿ. ಜೋಡಣೆಯನ್ನು ಮತ್ತೆ ಮತ್ತೆ ನೋಡಿದೆ. ನಾನೇ ಒತ್ತಿದೆ. ತಕ್ಷಣ ಹೆಸರು ಗುಂಪಿಗೆ ಸೇರಿತು. ಯಂತ್ರ ಸರಿಯಿದೆ. ಕೆಟ್ಟಿರುವುದು ಊರು.

ಜನವರಿ 4, ಶನಿವಾರ

ಬ್ರೆಡ್ ಅಂಗಡಿಯಲ್ಲಿ ಹಿಲ್ಲಿ ಸಿಕ್ಕಳು. ಪೊರಕೆ ಗುಂಪಿನವಳು, ನಮ್ಮ ಪಕ್ಕದ ಬೀದಿ. ಹಿಡಿದುಕೊಂಡೆ.

“ಮೇಲ್ ಬಂತಾ?”

“ಬಂತಲ್ಲ ಯೋಲಾಂಡ. ಚೆನ್ನಾಗಿ ಬರ್ದಿದ್ದೆ.”

“ಮತ್ತೆ ಯಾಕೆ ಒತ್ಲಿಲ್ಲ?”

“ಏನನ್ನ?”

“ಬರ್ತೀನಿ ಅನ್ನೋದನ್ನ!”

ಹಿಲ್ಲಿ ಅಕ್ಕಪಕ್ಕ ನೋಡಿ ದನಿ ತಗ್ಗಿಸಿದಳು. “ಅಯ್ಯೋ, ಹಾಗೆಲ್ಲ ಹೇಳೋಕಾಗುತ್ತಾ? ನಾಳೆ ಕಾಲು ಉಳುಕಿದ್ರೆ? ಬರ್ತೀನಿ ಅಂದ್ಬಿಟ್ಟು ಬರ್ದೇ ಹೋದ್ರೆ ಜನ ಏನಂತಾರೆ?”

“ಹಾಗಾದ್ರೆ ಬರಲ್ವಾ?”

“ಬರ್ದೇ ಏನು? ಯಾವತ್ತು ತಪ್ಪಿಸಿದ್ದೀನಿ ಹೇಳು!”

ಬ್ರೆಡ್ ಕೊಳ್ಳುವುದನ್ನು ಮರೆತು ಮನೆಗೆ ಬಂದೆ.

ಜನವರಿ 5, ಭಾನುವಾರ

ತಲೆಗೆ ಹೊಳೆಯಿತು. ನನ್ನಂಥ ದಡ್ಡಿ ಇಲ್ಲ.

ನಾನು ರಾಟರ್‌ಡ್ಯಾಮ್‌ನವಳು. ದೇಶದ ಪಶ್ಚಿಮದ ದೊಡ್ಡ ಊರು. ನಮ್ಮಲ್ಲಿ ಬರುವವರು ಬರುತ್ತೇನೆ ಎನ್ನುತ್ತಾರೆ, ಬಾರದವರೂ ಹಾಗೆಯೇ ಎನ್ನುತ್ತಾರೆ. ಇಲ್ಲಿ ಬಾಯಿಬಿಟ್ಟು ಒಪ್ಪಿಕೊಳ್ಳುವುದೆಂದರೆ ಜಂಬ. “ನೋಡೋಣ” ಎಂದವರು ಎಲ್ಲರಿಗಿಂತ ಮೊದಲು ಬಂದು ನಿಂತಿರುತ್ತಾರೆ. ಲಾಮರ್ಟ್ ನನ್ನನ್ನು ಕೇಳಿದ್ದು ಹೇಗೆ? “ಮದುವೆ ಆದ್ರೂ ಆಗಬಹುದೇನೋ.” ಅದರ ಮೇಲೆ ಮೂವತ್ತು ವರ್ಷ ಬದುಕಿದ್ದೇನೆ. ಆದರೂ ಆ್ಯಪ್ ಕಟ್ಟುವಾಗ ಕಟ್ಟಿದ್ದು ರಾಟರ್‌ಡ್ಯಾಮ್‌ಗೆ!

ಮಧ್ಯಾಹ್ನವೆಲ್ಲ ಕೂತು ಬುಡಮೇಲು ಮಾಡಿದೆ. ‘ಬರುತ್ತೇನೆ’ ಬಟನ್ ತೆಗೆದು ಬಿಸಾಕಿದೆ. ಈಗ ಎಲ್ಲರ ಹೆಸರೂ ಮೊದಲೇ ಪಾಳಿಗಳ ಗುಂಪಿನಲ್ಲಿದೆ. ಇರುವುದು ಒಂದೇ ಬಟನ್ — ‘ಈ ಸಲ ಆಗಲ್ಲ’. ಒತ್ತಿದರೆ ಹೆಸರು ಗುಂಪಿನಿಂದ ಹೊರಗೆ, ಬದಲಿ ಗುಂಪಿನಿಂದ ಒಬ್ಬರು ಒಳಗೆ, ಅವರಿಗೆ ಮೇಲ್. ಗೆರೆಗಳು ಅವೇ, ಬಾಣದ ದಿಕ್ಕು ಮಾತ್ರ ಬೇರೆ.

ಜನವರಿ 8, ಬುಧವಾರ

ಶುಕ್ರವಾರದಿಂದ ಮೈನಸ್ ಆರು ಡಿಗ್ರಿ ಎನ್ನುತ್ತಿದ್ದಾರೆ. ಸಮಿತಿ ಸಭೆ. ಬೆರೆಂಡ್ ಟೋಪಿ ತೆಗೆಯದೆ ಕೂತಿದ್ದರು.

“ಯಾರ್ಯಾರು ಬರ್ತಾರೆ?”

“ಎಲ್ಲರೂ.”

“ಹೇಳಿದ್ದಾರಾ?”

“ಯಾರೂ ಹೇಳಿಲ್ಲ. ನೀವು ಹೇಳಿದ್ದೀರಾ?”

ವುಬ್ಬೊ ಕಿಸಕ್ಕನೆ ನಕ್ಕ. ಬೆರೆಂಡ್ ನಗಲಿಲ್ಲ. “ಇದೊಂದು ಸಲ ಸರಿ. ಮೊದಲ್ನೇ ದಿನ ಅಂಗಳ ಖಾಲಿ ಇದ್ರೆ ಮತ್ತೆ ಫೋನೇ. ಪಶ್ಚಿಮದವರಿಗೆ ಬಾಯಿ ಜಾಸ್ತಿ.”

ನನಗೂ ರೇಗಿತು. “ಖಾಲಿ ಇದ್ರೆ ನನ್ನ ಕಾರ್ಯದರ್ಶಿ ಕೆಲ್ಸಾನೂ ಬೇರೆಯವರಿಗೆ ಕೊಡಿ” ಎಂದುಬಿಟ್ಟೆ. ಯಾರೂ ಬೇಡ ಎನ್ನಲಿಲ್ಲ!

ಇಲ್ಲಿ ಸುಳ್ಳು ಹೇಳಿ ಏನು ಪ್ರಯೋಜನ. ಮ್ಯಾರಥಾನ್ ಬೇಕು, ನಿಜ. ಅದಕ್ಕಿಂತ ಹೆಚ್ಚಾಗಿ, ಇವರಿಗೆ ನಾನು ಬೇಕಾಗಬೇಕು. ಇಷ್ಟು ವರ್ಷವಾದರೂ ಈ ಊರಲ್ಲಿ ನಾನು ‘ಲಾಮರ್ಟ್‌ನ ಹೆಂಡತಿ, ಪಶ್ಚಿಮದವಳು’.

ಜನವರಿ 10, ಶುಕ್ರವಾರ, ಸಂಜೆ

ನಾಲ್ಕೂವರೆಗೆ ಬೆರೆಂಡ್ ಫೋನ್ ಒತ್ತಿದರು. ಮೇಲ್ ಹೋಯಿತು: ‘ಆರು ಗಂಟೆಗೆ ನೀರು ಬಿಡುತ್ತೇವೆ.’

ಒಂದು ಉತ್ತರವೂ ಇಲ್ಲ. ಬಟಾಣಿ ಸಾರಿನ ದೊಡ್ಡ ಪಾತ್ರೆ ಹೊತ್ತು ಲಾಮರ್ಟ್ ಮತ್ತು ನಾನು ಅಂಗಳಕ್ಕೆ ಹೋದೆವು. ಅಂಗಳದ ಡಾಂಬರು ನೆಲ ಕಪ್ಪಗೆ, ಬರಿದಾಗಿ ಬಿದ್ದಿತ್ತು. ಬೆರೆಂಡ್ ಒಬ್ಬರೇ ಪಂಪಿನ ಹತ್ತಿರ. ಆರಕ್ಕೆ ಹತ್ತು ನಿಮಿಷ ಇತ್ತು. ಯಾರೂ ಇಲ್ಲ. “ಸಾರು ಜಾಸ್ತಿ ಆಯ್ತೇನೋ” ಎಂದ ಲಾಮರ್ಟ್. ಪಾತ್ರೆ ಅವನ ತಲೆ ಮೇಲೆ ಸುರಿಯಬೇಕೆನಿಸಿತು.

ಆಮೇಲೆ ಕಾಲುವೆ ದಾರಿಯಲ್ಲಿ ಸೈಕಲ್ ದೀಪ. ಒಂದು. ಹಿಂದೆ ಇನ್ನೊಂದು. ನೋಡುತ್ತಿದ್ದಂತೆ ದಾರಿ ತುಂಬ ದೀಪ! ಹಿಲ್ಲಿ ಹೆಗಲ ಮೇಲೆ ಪೊರಕೆ ಹೊತ್ತು ಬಂದಳು. “ಸುಮ್ನೆ ಈ ಕಡೆ ಬಂದಿದ್ದೆ” ಎಂದಳು. ಪೊರಕೆ ಹೊತ್ತು, ಸುಮ್ಮನೆ! ಪೈಪ್ ಹಿಡಿಯುವ ಕೈ ಹೆಚ್ಚಾಗಿ ಜಗಳವಾಯಿತು. ಸಾರು ಸಾಲಲಿಲ್ಲ.

ಬೆರೆಂಡ್ ಎರಡನೆಯ ಸಲ ಸಾರು ಹಾಕಿಸಿಕೊಂಡರು.

ಜನವರಿ 11, ಶನಿವಾರ

ಮೊದಲ ಪಾಳಿಗೆ ಮುಂಚೆ ವುಬ್ಬೊ ‘ಆಗಲ್ಲ’ ಒತ್ತಿದ. ಜ್ವರ. ನಾನು ಮುಖ ತೊಳೆಯುತ್ತಿದ್ದೆ, ಗೊತ್ತೇ ಇಲ್ಲ. ಹೋಗಿ ನೋಡಿದರೆ ಅವನ ಪೈಪ್ ಬೇರೆಯವರ ಕೈಯಲ್ಲಿ! ಹೋದ ವರ್ಷ ಸರಪಳಿ ಕಡಿದದ್ದು ಅವನಲ್ಲೇ. ಈ ವರ್ಷ ಅವನು ಹಾಸಿಗೆಯಲ್ಲಿ, ಕೆಲಸ ಅಂಗಳದಲ್ಲಿ. ಒಬ್ಬಳೇ ನಿಂತು ನಕ್ಕೆ. ನೋಡಿದವರು ಹುಚ್ಚಿ ಎಂದುಕೊಂಡಿರಬೇಕು.

ಸಂಜೆ ಹದಿನೆಂಟು ಮಿಲಿಮೀಟರ್. ಸಾಂಡ್‌ಲಾರೆನ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ಅಂತೆ.

ಜನವರಿ 12, ಭಾನುವಾರ, ಬೆಳಿಗ್ಗೆ

ಮೂರು ಸೆಂಟಿಮೀಟರ್!!!

ಬೆರೆಂಡ್ ಅಂಗಳದ ಅಂಚು, ನಡು, ತಿರುವು ಎಲ್ಲ ಕಡೆ ಕೊರೆದು ಅಳೆದರು. ಎಲ್ಲೂ ಕಡಿಮೆ ಇಲ್ಲ. ಮೊಣಕಾಲೂರಿ ಕೂತಲ್ಲೇ ಕೈಗವಸು ಹಲ್ಲಲ್ಲಿ ಕಚ್ಚಿ ಎಳೆದು ಫೋನ್ ಒತ್ತಿದರು. ಮೂವತ್ತು ಮಿಲಿಮೀಟರ್ ಮುಟ್ಟಿದರೆ ಸ್ಕೇಟಿಂಗ್ ಒಕ್ಕೂಟಕ್ಕೆ ಮೇಲ್ ಹೋಗಲಿ ಎಂದು ಕೊನೆಯ ಚೌಕ ಜೋಡಿಸಿದ್ದೆ. ಅವರು ಎದ್ದು ನಿಲ್ಲುವಷ್ಟರಲ್ಲಿ ಹೋಗಿತ್ತು.

ಒಕ್ಕೂಟದ ಪರೀಕ್ಷಕ ಬಂದು ತಾನೂ ಕೊರೆದು ನೋಡಿ ಸರಿ ಎಂದ. “ದಾರೀಲಿದ್ದಾಗ ಸಾಂಡ್‌ಲಾರೆನ್‌ನವರು ಫೋನ್ ಮಾಡಿದ್ರು. ಅವರದ್ದೂ ಆಗಿದೆಯಂತೆ. ತಡ ಆಯ್ತು, ಈಗಾಗ್ಲೇ ಬೇರೆ ಊರಿಗೆ ಹೊರಟಿದ್ದೀನಿ ಅಂದೆ.” ಬೆರೆಂಡ್ ಟೋಪಿ ತೆಗೆದರು. ಮತ್ತೆ ಹಾಕಿದರು. ಮತ್ತೆ ತೆಗೆದರು.

ನಾಳೆ ಸಂಜೆ ಮ್ಯಾರಥಾನ್. ನಮ್ಮೂರಲ್ಲಿ! ಟಿವಿಯವರು ಬರುತ್ತಾರೆ. ಲಾಮರ್ಟ್ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಊರೆದುರಿಗೆ. ಅವನು!

ಜನವರಿ 13, ಸೋಮವಾರ, 18:50

ಅಡುಗೆ ಗುಡಾರದ ಹಿಂದೆ ನಿಂತು ಗೀಚುತ್ತಿದ್ದೇನೆ. ಜನವೋ ಜನ. ಸಾಂಡ್‌ಲಾರೆನ್‌ನವರು ಟಿಕೆಟ್‌ಗೆ ಸಾಲು ನಿಂತಿದ್ದನ್ನು ಕಣ್ತುಂಬ ನೋಡಿ ಬಂದೆ. ಪಾಪ ಬಂದರೆ ಬರಲಿ.

ಸ್ಕೇಟ್ ಕಟ್ಟಿದ ಓಟಗಾರರು ಗೆರೆಯ ಮೇಲೆ ನಿಂತಾಗಿದೆ. ಓಟ ಶುರು ಮಾಡುವ ಪಿಸ್ತೂಲು ಹೊಡೆಯುವುದು ಐಸ್ ಯಜಮಾನರು, ಎಲ್ಲ ಊರಲ್ಲೂ. ಈಗಷ್ಟೇ ಬೆರೆಂಡ್ ಬಂದು ಅದನ್ನು ನನ್ನ ಕೈಯಲ್ಲಿಟ್ಟು ಹೋದರು. ತಿರುಗಿಯೂ ನೋಡಲಿಲ್ಲ. ನೇರ ಮೈಕ್ ಹತ್ತಿರ ನಡೆದರು.

ಒಂದು ಕೈಯಲ್ಲಿ ಪಿಸ್ತೂಲು, ಇನ್ನೊಂದರಲ್ಲಿ ಪೆನ್ನು, ಅಕ್ಷರ ಸೊಟ್ಟ.

ಮೈಕ್‌ನಲ್ಲಿ ಅವರದೇ ದನಿ. “ಈ ಸಲ ನಾನು ಹೊಡೆಯಲ್ಲ. ನಮ್ಮ ಯೋಲಾಂಡ ಹೊಡೀತಾಳೆ.”

ನಮ್ಮ ಎಂದರು. ಎಲ್ಲರೂ ಈ ಕಡೆ ತಿರುಗಿ ನೋಡುತ್ತಿ—