ರೇವತಿ ಮಳೆಯಲ್ಲಿ ಅವ್ವನ ಡೇರೆ

|| ಶ್ರೀ ಗುರು ಬಸವಲಿಂಗಾಯ ನಮಃ ||

ಹಿರೇಬೆಂಡಿಗೇರಿ
ಶನಿವಾರ, ೧೨-೪-೨೦೨೫

ಅಕ್ಕ ಶಿವಬಸವ್ವನ ಪಾದಕ್ಕೆ ತಂಗಿ ನೀಲಾಂಬಿಕಾಳ ಶರಣು ಶರಣಾರ್ಥಿ.

ನಾವೆಲ್ಲ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಸಾಲಿಯಲ್ಲಿ ಮಾಸ್ತರು ಮೊದಲು ಬರೆಸುತ್ತಿದ್ದರು. ಇವತ್ತು ಆ ಮಾತು ಬರೆಯಲಿಕ್ಕೆ ಕೈ ಏಳಲಿಲ್ಲ. ನೀನು ಹಾಸಿಗೆ ಹಿಡಿದು ಮೂರು ತಿಂಗಳಾಯಿತು, ನಾನಿನ್ನೂ ಬಂದು ನಿನ್ನ ಮುಖ ನೋಡಿಲ್ಲ. ಮೊನ್ನೆ ನಿನ್ನ ಮಗಳು ಶೈಲಾ ಫೋನು ನಿನ್ನ ಕಿವಿಗೆ ಹಿಡಿದಾಗ ‘ಅಕ್ಕಾ’ ಅಂದವಳು ಮುಂದೆ ಮಾತು ಬಾರದೆ ಇಟ್ಟುಬಿಟ್ಟೆ. ಆರು ವರ್ಷ ಮುಚ್ಚಿಕೊಂಡಿದ್ದ ಬಾಯಿ ಒಮ್ಮೆಲೇ ಹೇಗೆ ತೆರೆದೀತು? ಅದಕ್ಕೇ ಬರೆಯಲು ಕೂತಿದ್ದೇನೆ. ನಿನಗೆ ಕಣ್ಣು ಸರಿಯಾಗಿ ಕಾಣುವುದಿಲ್ಲವಂತೆ, ಶೈಲಾ ಓದಿ ಹೇಳಲಿ.

ಸಂಕ್ರಾಂತಿ ಮುಗಿದ ವಾರ ನಿಮ್ಮ ನೆರೆಮನೆಯ ಖತೀಜಾಬಿ ಹುಲಗೂರ ದರ್ಗಾಕ್ಕೆ ಬಂದವಳು ನಮ್ಮ ಮನೆ ಹುಡುಕಿಕೊಂಡು ಬಂದಳು. ಅವಳು ತಂದ ಹಳೆ ಸೀರೆಯ ಗಂಟು ಬಿಚ್ಚಿದರೆ ಬೂದಿಯಲ್ಲಿ ಹೊರಳಿಸಿದ ಏಳು ಡೇರೆ ಹೂವಿನ ಗಡ್ಡೆ. ನೀನು ಹೇಳಿ ಕಳಿಸಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. “‘ಇವು ಅವ್ವನ ಡೇರೆ. ನನ್ನ ಕೈಲೆ ಇನ್ನ ಆಗೂದಿಲ್ಲ. ಒಂದ ಹೂವರ ನನಗ ತೋರಸು’ ಅಂದಾಳ ನೋಡ್ರಿ ನಿಮ್ಮಕ್ಕ.” ನಾನು ಆ ಗಡ್ಡೆಗಳನ್ನು ಉಡಿಯಲ್ಲಿ ಹಾಕಿಕೊಂಡು ಒಲೆಯ ಮುಂದೆ ಕೂತು ಅತ್ತೆ. ಅವಳಿಗೆ ಚಹಾ ಮಾಡಬೇಕೆಂಬ ಎಚ್ಚರವೂ ಇರಲಿಲ್ಲ. ಪಾಪ, ಅವಳೇ ಎದ್ದು ಒಲೆ ಹಚ್ಚಿದಳು.

ಅಕ್ಕ, ಆರು ವರ್ಷದ ಹಿಂದೆ ಅವ್ವ ತೀರಿಕೊಂಡು ಶಿವಗಣಾರಾಧನೆ ಮಾಡಿದ ದಿನ ನೀನು ತವರಿನ ಹಿತ್ತಲಲ್ಲಿ ಗುದ್ದಲಿ ಹಿಡಿದು ಈ ಗಡ್ಡೆಗಳನ್ನೇ ಅಗೆಯುತ್ತಿದ್ದೆ. ಎಂಟು ತಿಂಗಳು ಅವ್ವನ ಮಲಮೂತ್ರ ಬಳಿದವಳು ನಾನು. ನನಗೆ ತಡೆಯಲಾಗಲಿಲ್ಲ. ಪಂಕ್ತಿಗೆ ಕೂತ ಬೀಗರೆಲ್ಲ ಕೇಳುವಂತೆ, “ಅವ್ವನ ಹೂವು ನಿನಗ, ಅವ್ವನ ಹಾಸಿಗಿ ನನಗ” ಅಂದೆ. ನೀನು ಪ್ರಸಾದಕ್ಕೂ ಕೂಡದೆ ಗಡ್ಡೆಯ ಬುಟ್ಟಿ ಹೊತ್ತು ಬಸ್ಸಿಗೆ ಹೋದೆ. ಆ ಎಂಟು ತಿಂಗಳು ನಿನ್ನ ಮನೆಯಲ್ಲಿಯೂ ಎದ್ದು ಕೂಡಲಾಗದ ಮಾವ ಇದ್ದರು, ಬಿಟ್ಟು ಬರುವ ಹಾಗಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ. ಇಷ್ಟು ವರ್ಷ ಇದನ್ನು ಯಾರ ಮುಂದೆಯೂ ಒಪ್ಪಿಕೊಂಡಿಲ್ಲ, ನಿನ್ನ ಮುಂದೆ ಒಪ್ಪುತ್ತಿದ್ದೇನೆ. ತಪ್ಪಾಯಿತು.

ಡೇರೆ ಗಡ್ಡೆ ನೆಲಕ್ಕೆ ಹಚ್ಚುವುದು ರೋಹಿಣಿ ಮಳೆಗೆ, ಅರಳುವುದು ಶ್ರಾವಣಕ್ಕೆ. ಹುಟ್ಟಿದಾಗಿನಿಂದ ಕಂಡದ್ದು ಅದೇ. ಆದರೆ ನನಗೆ ತಾಳ್ಮೆ ಇರಲಿಲ್ಲ, ನಿನಗೆ ಬೇಗ ತೋರಿಸಬೇಕೆಂಬ ಆಸೆ. ಖತೀಜಾಬಿ ಹೋದ ಮರುದಿನವೇ ಹಿತ್ತಲಲ್ಲಿ ಮಡಿ ಮಾಡಿ ಹಚ್ಚಿದೆ. ಅಲ್ಲಿ ಒಂದು ದಡ್ಡತನ ಮಾಡಿದೆ, ನಿನಗೆ ಹೇಳಲೇಬೇಕು. ಪ್ರತಿ ಸೋಮವಾರ ಈಶ್ವರ ಗುಡಿಯಲ್ಲಿ ಲಿಂಗಕ್ಕೆ ಎರೆದ ಪಂಚಾಮೃತವನ್ನು ತಂಬಿಗೆಯಲ್ಲಿ ಹಿಡಿದು ತಂದು ಗಡ್ಡೆಗೆ ಎರೆದೆ. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ದೇವರ ಮೈಮೇಲಿಂದ ಇಳಿದದ್ದು ಕೆಡುಕು ಮಾಡೀತೆಂದು ನನಗೆ ಹೇಗೆ ಹೊಳೆಯಬೇಕು? ನಾಲ್ಕನೆಯ ಸೋಮವಾರ ಮಡಿಯ ತುಂಬ ಇರುವೆ. ಕೈಹಾಕಿ ಕೆದರಿದರೆ ನಾಲ್ಕು ಗಡ್ಡೆ ಹುಳಿತು ನಾರುತ್ತಿದ್ದವು. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು, “ದೇವರು ಉಂಡಿದ್ದನ್ನ ಗಡ್ಡಿಗೆ ಉಣಸಿದಿ, ಅಜೀರ್ಣ ಆತು ನೋಡು” ಎಂದು ನಕ್ಕರು. ನಾನು ಎರಡು ದಿನ ಉಣ್ಣದ್ದು ಕಂಡು ಆಮೇಲೆ ನಗೆಯಾಡುವುದು ಬಿಟ್ಟರು.

ಉಳಿದ ಮೂರು ಶಿವರಾತ್ರಿಯ ಹೊತ್ತಿಗೆ ಕಣ್ಣು ಬಿಟ್ಟವು. ಆಗ ಶುರುವಾಯಿತು ಬಿಸಿಲು. ಡೇರೆಯ ಎಳೆ ಎಲೆ ಎಂಥದೆಂದು ನಿನಗೆ ಗೊತ್ತು. ಒಂದು ಮಧ್ಯಾಹ್ನ ಮರೆತರೆ ಸುಟ್ಟ ಹಪ್ಪಳದ ಹಾಗೆ ಮುದುಡಿಬಿಡುತ್ತದೆ. ನಾಲ್ಕು ಕೋಲು ನೆಟ್ಟು, ಗೋಣಿತಟ್ಟು ತೋಯಿಸಿ ಹೊದಿಸುತ್ತಿದ್ದೆ. ಹೊತ್ತು ಇಳಿದ ಮೇಲೆ ತೆಗೆಯಬೇಕು, ಇಲ್ಲದಿದ್ದರೆ ಗಿಡ ಬೆಳಕಿಗೆ ಕತ್ತು ಚಾಚಿ ಬಡಕಲಾಗುತ್ತದೆ. ಒಂದು ತಿಂಗಳು ಯಾರ ಮನೆಯ ಮದುವೆಗೂ ಹೋಗಲಿಲ್ಲ. ಮಕ್ಕಳು ಬಿಸಿಲಲ್ಲಿ ಸಾಲಿಗೆ ನಡೆದರೆ ಒಂದು ಛತ್ರಿ ಕೊಡಿಸದವಳು ಗಡ್ಡೆಗೆ ಮಂಟಪ ಕಟ್ಟಿದ್ದಾಳೆಂದು ಓಣಿಯವರೆಲ್ಲ ಆಡಿಕೊಂಡರು. ಆಡಿಕೊಳ್ಳಲಿ. ಯುಗಾದಿಯ ಬೆಳಿಗ್ಗೆ ಎಲ್ಲಕ್ಕೂ ಎತ್ತರದ ಗಿಡದಲ್ಲಿ ಕಡಲೆಕಾಳಿನಷ್ಟು ಮೊಗ್ಗು ಕಂಡಿತು. ನಾನು ಬೇವು ಬೆಲ್ಲ ಹಂಚುವುದನ್ನು ಬಿಟ್ಟು ಅಲ್ಲಿಯೇ ಕೂತುಬಿಟ್ಟೆ.

ಗುರುವಾರ ಸಂಜೆ ರೇವತಿ ಮಳೆ ಬಂತು. ಪಡುವಣದ ಕಡೆ ಮೋಡ ಹಳದಿಗೆ ತಿರುಗಿದ್ದು ನೋಡಿಯೇ ಹಿತ್ತಲಿಗೆ ಓಡಿದೆ. ಆಣೆಕಲ್ಲು ಬರುವ ಮುಂಚಿನ ಬಣ್ಣ ಅದು. ಸಣ್ಣ ಗಿಡ ಎರಡರ ಮೇಲೆ ಬುಟ್ಟಿ ಕವುಚಿ ಕಲ್ಲು ಹೇರಿದೆ. ಮೊಗ್ಗಿನ ಗಿಡಕ್ಕೆ ಯಾವ ಬುಟ್ಟಿಯೂ ಸಾಲಲಿಲ್ಲ, ಸೊಂಟದ ಮಟ ಬೆಳೆದಿತ್ತು. ಬೆನ್ನ ಮೇಲೆ ಗೋಣಿ ಹೊದ್ದು ಅದರ ಮೇಲೆ ಬಗ್ಗಿ ಕೂತೆ. ಅಡಿಕೆ ಗಾತ್ರದ ಆಣೆಕಲ್ಲು ಅಕ್ಕ, ತಗಡಿನ ಮೇಲೆ ಬೀಳುವ ಸಪ್ಪಳಕ್ಕೆ ನಾನು ಶಿವ ಶಿವ ಅನ್ನುವುದು ನನಗೇ ಕೇಳುತ್ತಿರಲಿಲ್ಲ. ಯಜಮಾನರು ಒಳಗಿನಿಂದ, “ಏ, ತಲಿ ಒಡಕೋತಿ, ಒಳಗ ಬಾರ” ಎಂದು ಕೂಗುತ್ತಲೇ ಇದ್ದರು. ಬುಟ್ಟಿ ಎರಡೂ ಗಾಳಿಗೆ ಕಲ್ಲು ಸಮೇತ ಉರುಳಿದವು. ಆ ಗಿಡಗಳು ನನ್ನ ಕಣ್ಣ ಮುಂದೆಯೇ ಚಟ್ನಿಯಾದವು. ಕೈಚಾಚಿದರೆ ಎಟುಕುತ್ತಿದ್ದವು. ಚಾಚಿದರೆ ಇದು ಹೋಗುತ್ತಿತ್ತು.

ಮೊಗ್ಗಿನ ಗಿಡ ಉಳಿದಿದೆ, ಅಕ್ಕ. ಮೊಗ್ಗು ಈಗ ಲಿಂಬೆಕಾಯಿಯಷ್ಟಾಗಿದೆ, ತುದಿಯಲ್ಲಿ ಅವ್ವನ ಕುಂಕುಮದ ಕೆಂಪು ಇಣುಕುತ್ತಿದೆ. ಇನ್ನು ಹತ್ತು ದಿನ. “ನೀಲವ್ವನ ಡೇರೆ ಎಷ್ಟ ಎತ್ತರ ಆಗೇತಿ ಕೇಳ” ಎಂದು ದಿನಾ ಶೈಲಾಗೆ ಹೇಳುತ್ತೀಯಂತೆ. ಗಂಜಿ ತಂದರೆ ಮಾತ್ರ ಮುಖ ತಿರುಗಿಸುತ್ತೀಯಂತೆ. ಹಾಗೆ ಮಾಡಬೇಡ. ನಿನ್ನ ಕಾಲು ಹಿಡಿಯುತ್ತೇನೆ, ನಾಲ್ಕು ಚಮಚ ಕುಡಿ. ಬರೀ ಹತ್ತು ದಿನ ತಡಿ, ಹೂವಿನೊಂದಿಗೆ ನಾನೇ ಬರುತ್ತೇನೆ. ಲಿಂಗಪೂಜೆಗೆ ಕೂತರೆ ಬೇರೆ ಏನನ್ನೂ ಬೇಡುತ್ತಿಲ್ಲ, ಮಕ್ಕಳ ಹೆಸರನ್ನೂ ತೆಗೆಯುತ್ತಿಲ್ಲ.

ಪಕ್ಕದ ಕುಡಿ ಚಿವುಟಿದರೆ ಮೊಗ್ಗು ದಪ್ಪವಾಗುತ್ತದೆಂದು ನೀನೇ ಕಲಿಸಿದ್ದಿ. ಚಿವುಟಿದ ಕುಡಿಯನ್ನು ಈ ಕಾಗದದೊಳಗೆ ಇಟ್ಟಿದ್ದೇನೆ. ಕೈಯಲ್ಲಿ ಹಿಡಿದು, ಮೂಸಿ ನೋಡು. ಖತೀಜಾಬಿ ಮತ್ತೆ ದರ್ಗಾಕ್ಕೆ ಬಂದಿದ್ದಾಳೆ, ಹೊರಗೆ ಕಟ್ಟೆಯ ಮೇಲೆ ಕಾಯುತ್ತಿದ್ದಾಳೆ. ಕಾಗದ ಅವಳ ಕೈಯಲ್ಲೇ ಕೊಡುತ್ತೇನೆ, ಇವತ್ತೇ ನಿನಗೆ ಮುಟ್ಟಲಿ.

ನಿನ್ನ ಮಾತಿಗೆ, ನಿನ್ನ ಮುಖಕ್ಕೆ ಹಸಿದ ತಂಗಿ,
ನೀಲವ್ವ

ತಾ.ಕ.: ಈ ಬೇರೆ ಹಾಳೆ ಶೈಲಾಗೆ. ಶೈಲಾ, ಇದನ್ನು ನಿಮ್ಮವ್ವನ ಮುಂದೆ ಓದಬೇಡ. ಹೊರಗೆ ಹೋಗಿ ಓದಿಕೋ.

ಗಿಡ ಉಳಿದಿಲ್ಲ. ಆಣೆಕಲ್ಲು ಅದನ್ನು ಮುಟ್ಟಲಿಲ್ಲ. ಮಳೆ ನಿಂತ ಮೇಲೆ ಏಳಲು ಹೋದರೆ ನನ್ನ ಕಾಲು ಜೋಮು ಹಿಡಿದಿದ್ದವು, ಕೆಸರಲ್ಲಿ ಜಾರಿ ನಾನೇ ಅದರ ಮೇಲೆ ಬಿದ್ದೆ. ಡೇರೆಯ ದಂಟು ಒಳಗೆ ಪೊಳ್ಳು, ಬುಡಕ್ಕೇ ಲಟಕ್ಕೆಂದಿತು. ನಿಮ್ಮ ಕಾಕಾಗೂ ಹೇಳಿಲ್ಲ. ಮುರಿದ ಗಿಡವನ್ನು ಕೋಲಿಗೆ ಕಟ್ಟಿ, ಗೋಣಿ ಹೊದಿಸಿ, ನಿನ್ನೆಯೂ ಇವತ್ತೂ ಹೋಗಿ ನೀರು ಹಾಕಿದಂತೆ ಮಾಡಿ ಬಂದೆ. ಕಾಗದದಲ್ಲಿರುವ ಕುಡಿ ಚಿವುಟಿದ್ದಲ್ಲ, ನೆಲದಿಂದ ಆರಿಸಿದ್ದು. ಮೊಗ್ಗನ್ನು ಲೋಟದ ನೀರಲ್ಲಿ ಇಟ್ಟಿದ್ದೆ, ಇವತ್ತು ಬೆಳಿಗ್ಗೆ ಕಪ್ಪಗಾಯಿತು.

ಬುಡ ಮತ್ತೆ ಚಿಗುರಬಹುದು, ಆದರೆ ಹೂವಾಗಲು ಮೂರು ತಿಂಗಳು ಬೇಕು. ದವಾಖಾನೆಯವರು ಮನೆಗೆ ಕಳಿಸುವಾಗ ಎಷ್ಟು ದಿನ ಎಂದರೆಂಬುದನ್ನು ನೀನು ನನಗೆ ಹೇಳಿದ್ದಿ, ನಿಮ್ಮವ್ವಗೆ ಹೇಳಿಲ್ಲ. ಹತ್ತು ದಿನ ಎಂದು ಬರೆದದ್ದು ಅವಳು ಗಂಜಿ ಕುಡಿಯಲೆಂದು. ಪೇಟೆಯ ಹೂವು ತಂದು ಅವಳ ಕೈಗೆ ಇಡೋಣವೆಂದೂ ಯೋಚಿಸಿದೆ. ನಮ್ಮವ್ವನ ಡೇರೆಯ ಎಸಳು ಯಾವುದು, ಅಲ್ಲದ್ದು ಯಾವುದು ಎಂದು ಮುಟ್ಟಿದರೆ ಅವಳಿಗೆ ಗೊತ್ತಾಗುತ್ತದೆ, ಕಣ್ಣು ಬೇಕಾಗಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಇಷ್ಟು ಸುಳ್ಳು ಬರೆದದ್ದೇ ಸಾಕು.

ಈಗ ನೀನು ಒಂದು ಕೆಲಸ ಮಾಡು. ಗಡ್ಡೆ ಅಗೆದು ತಂದವಳು ಖತೀಜಾಬಿ, ಅವಳಿಗೆ ಡೇರೆಯ ಕೆಲಸ ತಿಳಿಯದು. ತಿಳಿದವರು ಅಗೆದರೂ ಮಣ್ಣಲ್ಲಿ ಒಂದೆರಡು ಉಳಿಯುತ್ತವೆ. ನಿಮ್ಮ ಹಿತ್ತಲಿಗೆ ಬಚ್ಚಲ ನೀರು ಹರಿಯುತ್ತದೆ, ಉಳಿದ ಗಡ್ಡೆ ಆಗಲೇ ತಾನಾಗಿ ಚಿಗುರಿ ಮೊಗ್ಗಿಟ್ಟಿರಬಹುದು. ಅಲ್ಲಿ ಹುಲ್ಲು ಕಸ ಎದೆಮಟ ಬೆಳೆದು ಈಚೆಗೆ ಯಾರೂ ಆ ಕಡೆ ಹೋಗಿಲ್ಲವಂತೆ. ಕುಡುಗೋಲು ಹಾಕಬೇಡ. ಕೈಯಿಂದ ಒಂದೊಂದೇ ಸರಿಸಿ ನೋಡು. ಗಿಡ ಕಂಡರೆ ಕೂಡಲೇ ಫೋನು ಮಾಡು. ಕಾಣದಿದ್ದರೆ ಮಾಡಬೇಡ. ಸೋಮವಾರ ಮೊದಲ ಬಸ್ಸಿಗೆ ಬರಿಗೈಲಿ ಬಂದು, ನಿಮ್ಮವ್ವನ ಪಕ್ಕ ಕೂತು, ಗಿಡ ಮುರಿದವಳು ನಾನೇ ಎಂದು ಬಾಯಿ ಬಿಟ್ಟು ಹೇಳುತ್ತೇನೆ.

ಚಿಗವ್ವ