ಕುಂಬಳಕಾಯಿಯ ತೂಕ

ಭಾನುವಾರ, ಜೂನ್ ೮
ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಈ ಭಾನುವಾರ ಅಕ್ಕ ಯಾಕೆ ಫೋನ್ ಮಾಡಲಿಲ್ಲ ಅಂತ ಮುಖ ಊದಿಸಿಕೊಂಡಿರುತ್ತೀಯ. ಡಯಾಲಿಸಿಸ್ ಮಾಡಿಸಿಕೊಂಡೂ ಊದಿರೋ ಮುಖ, ಇನ್ನೆಷ್ಟು ಊದಿಸಲಿ ಅಂತ ನೀನೇ ನಗುವವಳು, ಗೊತ್ತು. ಇದು ಫೋನಿನಲ್ಲಿ ಹೇಳುವ ಸಂಗತಿಯಲ್ಲ. ಅಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಮಾತು ತಿರುಗಿಸುತ್ತೇನೆ. ಅದಕ್ಕೇ ಹೊಲಿಗೆ ಮೆಷಿನ್ ಮೇಲಿನ ಬಟ್ಟೆಯನ್ನೆಲ್ಲ ಪಕ್ಕಕ್ಕೆ ತಳ್ಳಿ ಇಲ್ಲೇ ಕೂತು ಬರೆಯುತ್ತಿದ್ದೇನೆ.

ಮೊದಲು ನನ್ನ ಪಾಡು ಕೇಳು. ಸುಸ್ತು ಕಣೇ. ಎದ್ದರೆ ಸುಸ್ತು, ಕೂತರೆ ಸುಸ್ತು. ಬೆಳಿಗ್ಗೆ ಎರಡು ಬಕೆಟ್ ನೀರು, ಸಂಜೆ ಎರಡು ಬಕೆಟ್, ತಾರಸಿಗೆ ಇಪ್ಪತ್ತೆರಡು ಮೆಟ್ಟಿಲು. ಖಾಲಿ ಪೇಂಟ್ ಡಬ್ಬಗಳಲ್ಲಿ ಟೊಮೇಟೊ, ಬೀನ್ಸ್, ಎರಡು ಥರದ ಸೊಪ್ಪು. ಬಟ್ಟೆ ಒಗೆಯುವ ಒಡಕು ಟಬ್ಬಿನಲ್ಲಿ ಕುಂಬಳದ ಬಳ್ಳಿ. ಆಸ್ಪತ್ರೆಯಲ್ಲಿ ಊಟದ ಪಟ್ಟಿ ಬರೆದುಕೊಟ್ಟಳಲ್ಲ, ನಮ್ಮ ಸೌತೆಕಾಯಿ ಮೇಡಂ, ಅವಳ ಉಪಾಯ ಇದು. ಜಿಮ್‌ಗೆಲ್ಲ ಹೋಗೋದು ಬೇಡ, ಮನೇಲೇ ಕೂತು ಹೊಲಿಯೋರಲ್ವಾ ನೀವು, ಮೆಟ್ಟಿಲು ಹತ್ತಿಳೀರಿ, ನೀವೇ ಬೆಳ್ಕೊಂಡು ತಿನ್ನಿ ಅಂದಳು. ಹೇಳುವವಳಿಗೇನು! ಮನೆಯಲ್ಲೇ ಇರುವವಳಿಗೆ ಅಡುಗೆಮನೆ ಎಂಟೇ ಹೆಜ್ಜೆ. ಕಾಲು ಮೆಷಿನ್ ತುಳಿಯುತ್ತಿದ್ದರೂ ಕಿವಿ ಬಿಸ್ಕತ್ತಿನ ಡಬ್ಬದ ಕಡೆಗೇ ಇರುತ್ತದೆ. ಶಾಲೆ ಶುರುವಾಗುವ ಹೊತ್ತು ಬೇರೆ, ಅರವತ್ತು ಸ್ಕರ್ಟ್ ಬಾಕಿ ಇವೆ. ಸೊಪ್ಪು ತಿಂದುಕೊಂಡು ಅರವತ್ತು ಸ್ಕರ್ಟಿಗೆ ನೆರಿಗೆ ಹಿಡಿದು ನೋಡು, ಆಗ ಗೊತ್ತಾಗುತ್ತದೆ.

ಬೇಸರಪಟ್ಟುಕೊಳ್ಳಬೇಡ, ಹಂಗಿಸುತ್ತಿಲ್ಲ. ಕೊಡುತ್ತೇನೆ ಅಂದವಳು ನಾನೇ. ರಿಪೋರ್ಟ್ ಹಿಡಿದು ಡಾಕ್ಟರು ಅಕ್ಕನ ಕಿಡ್ನಿ ಹೊಂದುತ್ತೆ ಅಂದಾಗ ನೀನು ಕೊಡು ಅಂತ ಕೇಳಲಿಲ್ಲ. ಹಾಗಿದ್ರೆ ತಗೊಳ್ಳಿ ಅಂತ ನಾನೇ ಎಲ್ಲರ ಮುಂದೆ ದೊಡ್ಡದಾಗಿ ಅಂದೆ, ಕೇಳಿದವರಿಗೆ ಒಂದು ಲೋಟ ಸಕ್ಕರೆ ಕೊಟ್ಟ ಹಾಗೆ. ಆಮೇಲೆ ತಾನೇ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಎಪ್ಪತ್ತೊಂಬತ್ತು ಕಿಲೋ ಇದ್ದೀರಿ, ಎಪ್ಪತ್ತಕ್ಕೆ ಬರದೆ ನಿಮ್ಮನ್ನ ಮುಟ್ಟಲ್ಲ ಅಂದಿದ್ದು. ಜೂನ್ ಮೂವತ್ತಕ್ಕೆ ಬಂದು ಆಸ್ಪತ್ರೆಯಲ್ಲೇ ತೂಗಿಸಿಕೊಳ್ಳಬೇಕು, ಇಳಿಯದಿದ್ದರೆ ನಿನ್ನ ಹೆಸರು ಕಾಯುವವರ ಪಟ್ಟಿಗೆ. ಆ ಪಟ್ಟಿ ಎಷ್ಟು ಉದ್ದ ಅಂತ ನಿನಗೆ ಗೊತ್ತು, ನನಗೂ ಗೊತ್ತು. ಅವತ್ತು ಆಸ್ಪತ್ರೆಯ ಕಾರಿಡಾರಿನಲ್ಲಿ ನೀನು ಒಂದೇ ಒಂದು ಸಲ ಕೇಳಿದ್ದೆ, ಅಕ್ಕಾ ಹೆದರಿಕೆ ಆಗ್ತಿದ್ಯಾ ಅಂತ. ಹುಚ್ಚೀ, ಸೂಜಿ ಕತ್ತರಿಯಲ್ಲೇ ಹೊಟ್ಟೆ ಹೊರೆಯೋಳು ನಾನು ಅಂತ ನಗಿಸಿದ್ದೆ.

ಆಮೇಲೆ ಪ್ರತಿ ಭಾನುವಾರ ನಿನಗೆ ಅಂಕಿ ಹೇಳುತ್ತಾ ಬಂದೆ. ಎಪ್ಪತ್ತೇಳು, ಎಪ್ಪತ್ತೈದೂವರೆ, ಎಪ್ಪತ್ನಾಲ್ಕು. ಹೋದ ವಾರ ಎಪ್ಪತ್ತೆರಡು ಅಂದಾಗ ನೀನು ಫೋನಿನಲ್ಲೇ ಕಿರುಚಿದೆ, ಅಕ್ಕಾ ಇನ್ನೆರಡೇ ಕಿಲೋ ಅಂತ. ನೀನು ಹಾಗೆ ಕಿರುಚಿ ಎಷ್ಟು ತಿಂಗಳಾಗಿತ್ತು! ಫೋನ್ ಇಟ್ಟ ಮೇಲೂ ನನ್ನ ಕಿವಿಯಲ್ಲಿ ಅದೇ.

ಈಗ ಕುಂಬಳಕಾಯಿಯ ವಿಷಯ. ಬಳ್ಳಿಯಲ್ಲಿ ಒಂದೇ ಒಂದು ಕಾಯಿ ಬಿಟ್ಟಿತ್ತು. ಮೊನ್ನೆ ಶುಕ್ರವಾರ ನಿನ್ನ ಭಾವ ಅದನ್ನು ಕೊಯ್ದು, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಇಳಿದರು. ಖುಷಿಗೆ ನನ್ನ ತೂಕದ ಮೆಷಿನ್ ಮೇಲೆ ಇಟ್ಟರು. ಅರ್ಧ ಕಿಲೋ! ಇಷ್ಟು ದಪ್ಪಗಿರೋದು ಅರ್ಧ ಕಿಲೋನಾ ಅಂತ ಕನ್ನಡಕ ಹುಡುಕುವ ತಾಳ್ಮೆಯೂ ಇಲ್ಲದೆ ಮೂಲೆ ಅಂಗಡಿಗೆ ಹೊತ್ತುಕೊಂಡು ಹೋದರು. ಅಂಗಡಿಯವನು ತೂಗಿ ನಾಲ್ಕೂವರೆ ಅಂದ. ನಮ್ಮನೇಲಿ ಸಣ್ಣಗಿರುತ್ತೆ, ರಸ್ತೆ ದಾಟಿದ್ರೆ ದಪ್ಪ ಆಗುತ್ತೆ ಅಂತ ಭಾವ ನಗುತ್ತಾ ಬಂದರು. ನಾನು ತೂಕದ ಮೆಷಿನ್ ಮಗುಚಿ ನೋಡಿದೆ.

ಮೆಷಿನ್ನಿನ ಕೆಳಗೆ ಒಂದು ಪುಟ್ಟ ಚಕ್ರ ಇರುತ್ತದೆ ಪುಟ್ಟಿ, ಮುಳ್ಳನ್ನು ಸೊನ್ನೆಗೆ ತರುವುದಕ್ಕೆ. ಅದನ್ನು ಯಾರೋ ತಿರುಗಿಸಿ ತಿರುಗಿಸಿ ಮುಳ್ಳು ಸೊನ್ನೆಗಿಂತ ನಾಲ್ಕು ಗೆರೆ ಹಿಂದೆ ನಿಂತಿತ್ತು. ಖಾಲಿ ಮೆಷಿನ್ನನ್ನು ಯಾರು ನೋಡುತ್ತಾರೆ ಹೇಳು. ಯಾರೋ ಏನು, ನಿನ್ನ ಭಾವನೇ. ನಾನು ಸೊಪ್ಪು ತಿಂದು ಮುಖ ಸಣ್ಣದು ಮಾಡಿಕೊಳ್ಳುವುದನ್ನು ನೋಡಲಾಗದೆ, ಧೈರ್ಯ ಬರಲಿ ಅಂತ ವಾರಕ್ಕಿಷ್ಟು ತಿರುಗಿಸಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಬೈಯಬೇಡ. ಫೋನ್ ಮಾಡಿದಾಗ ಅವರ ಹತ್ತಿರ ಈ ವಿಷಯ ಎತ್ತಲೂ ಬೇಡ, ನೊಂದುಕೊಂಡಿದ್ದಾರೆ.

ನಿನ್ನೆ ನಾನೇ ಹೋಗಿ ಅಂಗಡಿಯವನ ಮೂಟೆ ತೂಗುವ ತಕ್ಕಡಿಯ ಮೇಲೆ ನಿಂತೆ. ಪಾಪ, ಅವನು ಆ ಕಡೆ ತಿರುಗಿ ಬೇಳೆ ಕಟ್ಟುತ್ತಿದ್ದ. ಎಪ್ಪತ್ತಾರು. ಅಷ್ಟೂ ಮೆಟ್ಟಿಲಿಗೆ, ಅಷ್ಟೂ ಸೊಪ್ಪಿಗೆ ಮೂರೇ ಕಿಲೋ. ಉಳಿದಿರುವುದು ಆರು ಕಿಲೋ, ಇಪ್ಪತ್ತೆರಡು ದಿನ. ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ನಿನಗೆ ಹೇಳದೆ ಇರೋಣ ಅಂತಲೂ ಅನಿಸಿತು. ಆದರೆ ಮೂವತ್ತನೇ ತಾರೀಖು ಆಸ್ಪತ್ರೆಯ ಮೆಷಿನ್ ಹೇಳುವುದಕ್ಕಿಂತ ಮೊದಲು ನಾನು ಹೇಳಬೇಕಲ್ಲ.

ಹೊತ್ತಿಗೆ ಸರಿಯಾಗಿ ಮಾತ್ರೆ ತಗೋ. ನೀರನ್ನು ಅಳೆದೇ ಕುಡಿ, ಬಾಯಾರಿತು ಅಂತ ಕದ್ದು ಕುಡಿಯಬೇಡ.

ಆಯಾಸದಲ್ಲೂ ನಿನ್ನದೇ ಯೋಚನೆಯಲ್ಲಿರುವ
ನಿನ್ನ ಅಕ್ಕ

ಮರೆತ ಮಾತು: ಮರೆತದ್ದೇನಲ್ಲ, ಮುಚ್ಚಿಟ್ಟದ್ದು. ಮೇಲಿನದನ್ನು ಬರೆದು ಅಂಟಿಸುವ ಮೊದಲು ನಿನ್ನ ಭಾವನಿಗೆ ಓದಲು ಕೊಟ್ಟೆ. ಪೂರ್ತಿ ಓದಿದರು. ಇರ್ಲಿ ಬಿಡು, ನನ್ನ ಹೆಸ್ರೇ ಇರ್ಲಿ, ನಿಮ್ಮಿಬ್ಬರ ಮಧ್ಯೆ ಕೆಡೋದು ಬೇಡ ಅಂದು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಗೋಂದು ತರಲು ಹೋದರು. ಅವರು ಒಂದು ಮಾತು ಬೈದಿದ್ದರೂ ಹೀಗೇ ಅಂಟಿಸಿಬಿಡುತ್ತಿದ್ದೆನೇನೋ.

ನೀನು ಜಾಣೆ, ಆಗಲೇ ಕೇಳಿಕೊಂಡಿರುತ್ತೀಯ: ಮೆಷಿನ್ ಕೆಡಿಸಿದವರು ಯಾರಾದರೂ ಅದರ ಮೇಲೆ ಕುಂಬಳಕಾಯಿ ಇಟ್ಟು ಕುಣಿಯುತ್ತಾರಾ ಅಂತ. ಚಕ್ರ ತಿರುಗಿಸಿದ್ದು ನಾನೇ. ದಿನವಿಡೀ ಊರವರ ಸೊಂಟ ಅಳೆಯುವವಳು ನಾನು, ನಾಲ್ಕು ತಿಂಗಳಿಂದ ನನ್ನ ಸೊಂಟಕ್ಕೆ ಟೇಪ್ ಸುತ್ತಲಿಲ್ಲ. ಟೇಪಿಗೆ ತಿರುಗಿಸುವ ಚಕ್ರ ಇಲ್ಲವಲ್ಲ. ಬಿಸ್ಕತ್ತೂ ತಿಂದೆ. ಬಟ್ಟೆ ಗಂಟಿನ ಹಿಂದೆ ಡಬ್ಬ ಇಟ್ಟುಕೊಂಡು ತಿಂದೆ.

ಮೊದಲ ಸಲ ತಿರುಗಿಸಿದಾಗ ನಿನ್ನ ಸಂತೋಷಕ್ಕೆ ಅಂದುಕೊಂಡೆ. ಅದೂ ಸುಳ್ಳು. ಮೂವತ್ತನೇ ತಾರೀಖು ಆಸ್ಪತ್ರೆಯ ಮೆಷಿನ್ ಎಪ್ಪತ್ತೇಳೋ ಎಪ್ಪತ್ತೆಂಟೋ ತೋರಿಸಿದರೆ ಬೇಡ ಅನ್ನುವವರು ಡಾಕ್ಟರು, ನಾನಲ್ಲ. ಪಾಪ, ಅಕ್ಕ ಎಷ್ಟು ಕಷ್ಟಪಟ್ಟಳು, ಮನೆಯ ಮೆಷಿನ್ ಮೋಸ ಮಾಡಿತು ಅಂತ ನೀನೇ ನನ್ನನ್ನು ಸಮಾಧಾನ ಮಾಡುತ್ತಿದ್ದೆ. ನಾನು ಸಮಾಧಾನ ಮಾಡಿಸಿಕೊಳ್ಳುತ್ತಲೂ ಇದ್ದೆ. ಎಂಥ ಅಕ್ಕ ನೋಡು ನಿನಗೆ.

ಈಗ ಮುಳ್ಳು ಸೊನ್ನೆಯಲ್ಲಿದೆ. ಡಬ್ಬವನ್ನು ಭಾವನ ಕೈಗೆ ಕೊಟ್ಟಿದ್ದೇನೆ. ಇಪ್ಪತ್ತೆರಡು ದಿನದಲ್ಲಿ ಆರು ಕಿಲೋ ಆಗುತ್ತದೋ ಇಲ್ಲವೋ, ನಾಳೆಯೇ ಡಾಕ್ಟರಿಗೆ ನಿಜ ಹೇಳಿ ಇನ್ನೊಂದು ತಿಂಗಳು ಕೊಡಿ ಅಂತ ಕೇಳುತ್ತೇನೆ.

ಇದನ್ನು ಓದಿದ ಮೇಲೂ ನನ್ನ ಹತ್ತಿರ ಮಾತಾಡಬೇಕು ಅನಿಸಿದರೆ ನೀನೇ ಫೋನ್ ಮಾಡು. ಅಂಕಿ ಕೇಳಬೇಡ. ಅವತ್ತು ಕಾರಿಡಾರಿನಲ್ಲಿ ಕೇಳಿದೆಯಲ್ಲ, ಹೆದರಿಕೆ ಆಗ್ತಿದ್ಯಾ ಅಂತ, ಅದನ್ನೇ ಇನ್ನೊಂದು ಸಲ ಕೇಳು. ಈ ಸಲ ನಗಿಸುವುದಿಲ್ಲ.