ಐದೂ ಎರಡೂ ಐವತ್ತೆರಡು

ಮಾರ್ಚ್ 4, ಬೆಳಗ್ಗೆ

ಟೀ ಆರಿಹೋಯಿತು. ಈಜುಕೊಳದಿಂದ ಮತ್ತೆ ಫೋನ್. ಕ್ಲೋರಿನ್ ಪಂಪ್ ತಾನಾಗೇ ನಿಂತಿದೆಯಂತೆ. ತಾನಾಗೇ ಏನಿಲ್ಲ, ನಿಲ್ಲಿಸಿದ್ದು ನನ್ನ ಪ್ರೋಗ್ರಾಂ.

ದಿನದ ಡೋಸ್ ಐದು ಲೀಟರ್, ಜನ ಜಾಸ್ತಿ ಇದ್ದರೆ ಮೇಲೆ ಎರಡು. ಎರಡನ್ನೂ ಕೂಡಿಸಿ ಪಂಪಿಗೆ ಹೇಳುವ ಮೆಥಡ್, ಅಂದರೆ ಪ್ರೋಗ್ರಾಂನ ಆ ತುಣುಕು, ನನ್ನದು. ಹೊಸ ಟಚ್‌ಸ್ಕ್ರೀನ್ ಬಂದಾಗಿನಿಂದ ಸಂಖ್ಯೆಗಳು ಅಕ್ಷರಗಳ ವೇಷದಲ್ಲಿ ಬರುತ್ತಿವೆ. ನಾವು ಪ್ರೋಗ್ರಾಂ ಬರೆಯುವ ಈ ಭಾಷೆಗೆ ಸಂಖ್ಯೆ, ಅಕ್ಷರ ಯಾವುದಾದರೂ ಸರಿ. ಅಕ್ಷರ ಕೊಟ್ಟರೆ ಕೂಡಿಸಲ್ಲ, ಪಕ್ಕಪಕ್ಕ ಅಂಟಿಸುತ್ತೆ. ಐದೂ ಎರಡೂ ಏಳಲ್ಲ, ಐವತ್ತೆರಡು! ಅದಕ್ಕೇ ಮೆಥಡ್‌ನ ಬಾಗಿಲಲ್ಲೇ ಒಂದು ಚೆಕ್ ಇಟ್ಟಿದ್ದೇನೆ. ಸಂಖ್ಯೆಯಾದರೆ ಒಳಗೆ. ಅಲ್ಲವೋ, ಎರರ್, ಪಂಪ್ ಬಂದ್.

ಮಾರ್ಚ್ 5

ಬಾಸ್ ಕರೆದರು. ಬಾಯಿಬಿಟ್ಟರೆ 'ಬೇಗ ಬೇಗ', ಹಾಗಾಗಿ ಆಫೀಸಿನಲ್ಲಿ ಅವರ ಹೆಸರೇ ಬೇಗಬೇಗ.

"ಆ ಚೆಕ್ ತೆಗೀರಿ. ಸೋಮವಾರ ಕೊಳ ಶುರುವಾಗ್ಬೇಕು."

ಸ್ಕ್ರೀನ್ ಕಡೆಯೇ ಸರಿಮಾಡ್ತೀನಿ, ಒಂದು ವಾರ ಕೊಡಿ ಅಂದೆ. ಕೊಡಲ್ಲವಂತೆ.

ಪಕ್ಕದಲ್ಲಿ ಪಂಡಿತ. ನಮ್ಮ ಸೀನಿಯರ್, ಎಲ್ಲದಕ್ಕೂ ಉಪದೇಶ. "ಮೇಡಂ, ಡೈನಾಮಿಕ್ ಭಾಷೆ ಅಂದ್ಮೇಲೆ ನಂಬಿಕೆ ಇರ್ಬೇಕು. ಬಾತುಕೋಳಿ ಥರ ಕೂಗಿದ್ರೆ ಅದು ಬಾತುಕೋಳಿನೇ, ಸಂಖ್ಯೆ ಥರ ಕಂಡ್ರೆ ಸಂಖ್ಯೆನೇ."

"ಬೆಳ್ಳಗಿರೋದೆಲ್ಲ ಹಾಲಲ್ಲ ಸಾರ್."

"ನೀವು ಹಿಡಿದ ಮೊಲಕ್ಕೆ ಮೂರೇ ಕಾಲು," ಅಂದರು ಬೇಗಬೇಗ.

"ನಿಮ್ಮ ಕೈಗೆ ಕೊಟ್ರೆ ಅದಕ್ಕೆ ಐವತ್ತೆರಡು ಕಾಲು ಬರತ್ತೆ."

ಅನ್ನಬಾರದಿತ್ತೇನೋ. ಅಂದದ್ದಕ್ಕೆ ಬೇಜಾರಿಲ್ಲ.

ಮಾರ್ಚ್ 6

ತಂಗಿಯ ಫೋನ್. ಆ ಕೊಳದಲ್ಲಿ ಈಜು ಕಲಿಸೋಳು ಅವಳೇ.

"ಅಕ್ಕಾ, ಎಲ್ಲರೂ ನಿನ್ನೇ ಬೈತಿದ್ದಾರೆ. ನಿನ್ನ ಹಟಕ್ಕೆ ನನ್ನ ಕ್ಲಾಸ್ ಹಾಳು."

"ಮೊದಲು ನೀರಿಗಿಳಿಯೋಳು ನೀನೇ ಕಣೇ. ನಿನ್ನ ಹಿಂದೆ ಆ ಮಕ್ಕಳು."

"ನಿಂಗೆ ಎಲ್ಲದ್ರಲ್ಲೂ ಅನುಮಾನ." ಫೋನ್ ಇಟ್ಟಳು.

ಹೌದು, ಅನುಮಾನ. ನನ್ನ ಕೆಲಸವೇ ಅದು.

ಮಾರ್ಚ್ 8, ಭಾನುವಾರ

ರಜೆ ಅಂತ ಮಲಗಿದ್ದೆ. ಅಷ್ಟರಲ್ಲಿ ಪಂಡಿತ ಚೆಕ್ ಕಿತ್ತುಹಾಕಿದ್ದಾನೆ. ವಾಪಸ್ ಹಾಕಿದೆ. ಬೇಗಬೇಗನ ಮೆಸೇಜ್ — ಇನ್ನೊಂದು ಸಲ ಮುಟ್ಟಿದರೆ ಮನೆಗೆ. ಮತ್ತೆ ಕಿತ್ತರು. ಮತ್ತೆ ಹಾಕಿದೆ. ಈಗ ಲಾಗಿನ್ ಇಲ್ಲ, ಕೆಲಸವೂ ಇಲ್ಲ. ಹೆದರಿಕೆ ಇಲ್ಲ... ಸಿಟ್ಟು.

ಚೆಕ್ ಇಲ್ಲದ ಪ್ರೋಗ್ರಾಂ ಆಗಲೇ ಪಂಪಿನಲ್ಲಿದೆ, ನಾಳೆ ಬೆಳಗ್ಗೆ ಕ್ಲೋರಿನ್ ಬಿಡುತ್ತೆ.

ಅದೇ ದಿನ, ಸಂಜೆ

ಕೊಳದ ಕೀಲಿಗಳು ತಂಗಿಯ ಹತ್ತಿರ, ಅವಳನ್ನು ಎಳೆದುಕೊಂಡೇ ಪಂಪ್ ರೂಮಿಗೆ ಹೋದೆ. ಪಂಪಿನ ಪೈಪ್ ಕ್ಲೋರಿನ್ ಡ್ರಮ್ಮಿಂದ ತೆಗೆದು ಬರೀ ನೀರಿನ ಡ್ರಮ್ಮಿಗೆ ಹಾಕಿದೆ. ಇನ್ನೊಂದು ತುದಿಗೆ ಏಳು ಲೀಟರಿಗೆ ಧಾರಾಳ ಸಾಲುವ ಬಕೆಟ್. "ನೀನೇ ಒತ್ತು. ಐದು, ಆಮೇಲೆ ಎರಡು."

ಒತ್ತಿದಳು. ಎರರ್ ಇಲ್ಲ. ಸ್ಕ್ರೀನ್ ಮೇಲೆ ಹಸಿರು ಟಿಕ್, ನೋಡಲು ಎಷ್ಟು ಚಂದ! ಬಕೆಟ್ ತುಂಬಿತು. ಉಕ್ಕಿತು. ನೆಲವೆಲ್ಲ ನೀರು, ಅವಳ ಚಪ್ಪಲಿ ತೇಲಿತು. ಪಂಪ್ ನಿಲ್ಲಲೇ ಇಲ್ಲ. ಕೊನೆಗೆ ನಾನೇ ಪ್ಲಗ್ ಕಿತ್ತೆ.

"ಇದು ಕ್ಲೋರಿನ್ ಆಗಿದ್ರೆ..." ಅಂದಳು. ಬಾಗಿಲಿಗೆ ಬೀಗ ಹಾಕಿ ಕೀಲಿ ಜೇಬಿಗಿಳಿಸಿದಳು.

ಮಾರ್ಚ್ 9, ಬೆಳಗ್ಗೆ

ಗೇಟಿಗೂ ಬೀಗ ಹಾಕಿಕೊಂಡು ಒಳಗೆ ನಾವಿಬ್ಬರು. ಹೊರಗೆ ಬೇಗಬೇಗ, ಪಂಡಿತ, ಟವೆಲ್ ಹೊದ್ದ ಮಕ್ಕಳು, ಅವರ ಅಪ್ಪ ಅಮ್ಮಂದಿರು.

"ಕೀಲಿ ಕೊಡಮ್ಮ, ಬೇಗ ಬೇಗ!"

"ನಮ್ಮಕ್ಕನ ಚೆಕ್ ವಾಪಸ್ ಬರೋವರೆಗೂ ಕೊಡಲ್ಲ," ಅಂದಳು ತಂಗಿ. ಜೋರಾಗಿ. ಐವತ್ತೆರಡರ ಕಥೆಯನ್ನೂ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಒಬ್ಬ ತಾಯಿ ಮಗುವಿನ ಕೈ ಹಿಡಿದು ಬೇಗಬೇಗನ ಕಡೆ ತಿರುಗಿದಳು. "ಹೌದೇನ್ರಿ ಇದು?"

ಪಂಡಿತ ನೆಲ ನೋಡುತ್ತಿದ್ದಾನೆ. ಹೊಟ್ಟೆ ತಣ್ಣಗಾಯಿತು.

ಕೆಲಸ ಕೊಟ್ಟರೂ ಸರಿ, ಬಿಟ್ಟರೂ ಸರಿ. ಇಲ್ಲಿಂದ ಕದಲಲ್ಲ.

ಬೇಗಬೇಗ ಚೀಲ ಬಿಚ್ಚುತ್ತಿದ್ದಾರೆ. ಲ್ಯಾಪ್‌ಟಾಪ್... ಕಂಬಿ ಸಂದಿಯಲ್ಲಿ ನನ್ನ ಕಡೆ ತೂರಿಸುತ್ತಿದ್ದಾರೆ — ನನ್ನ ಹೆಸರಲ್ಲೇ ಲಾಗಿನ್ ಮಾಡಿಯೇ ಇದೆ — ತಂಗಿ ಕೂಗ್ತಿದ್ದಾಳೆ, ಬರೆದದ್ದು ಸಾಕು, ಮೊದಲು ಆ ಚೆಕ್